ಎರಡನೇ ರೆಫರೆನ್ಸ್

ನವೆಂಬರ್ 8, ಶನಿವಾರ. ಸಂಜೆ

ಬೆಳಿಗ್ಗೆ ಎಂಟಕ್ಕೇ ಪ್ರಾಣಿಗಳ ಕ್ಲಿನಿಕ್, ಶನಿವಾರದ ವಾಲಂಟಿಯರ್ ಕೆಲಸ. ಕೇಜ್ ತೊಳೆದೆ, ಲಿಟರ್ ಟ್ರೇ ಖಾಲಿ ಮಾಡಿದೆ, ಒಂದು ಪರ್ಷಿಯನ್ ಬೆಕ್ಕಿನ ಉಗುರು ಕತ್ತರಿಸಿದೆ. ಸ್ವಲ್ಪ ರಕ್ತ ಬಂತು. ಡಾ. ಜಸೀಲಾ ನೋಡಿದ್ರು, ಹತ್ತಿ ಕೊಟ್ಟು ಹೋದ್ರು. ಬೈದಿದ್ರೆ ಮುಗೀತಿತ್ತು. ಈಗ ಇಡೀ ವಾರ ಅದೇ ಯೋಚನೆ.

ಇನ್ನೊಬ್ಬ ಡಾಕ್ಟ್ರು ದೊರೆಸ್ವಾಮಿ ಸರ್ ಯಾವಾಗಿನ ಹಾಗೇ. ಬೆಕ್ಕಿನ ಹತ್ತಿರ ಮೈಸೂರು ಕಡೆಯ ಕನ್ನಡ. "ಏನಪ್ಪಾ ಪಾಳೇಗಾರ, ಮೀಸೆ ಬಿಟ್ಕೊಂಡು ಬಂದ್ಬಿಟ್ಯಲ್ಲ." ಓನರ್ ಫಿಲಿಪಿನೋ ಹುಡುಗಿ. ಅರ್ಥ ಆಗದಿದ್ರೂ ನಗ್ತಾ ಇದ್ದಳು. ಸರ್ ಇದ್ದ ರೂಮಿನಲ್ಲಿ ನಾನು ಉಗುರು ಕತ್ತರಿಸಿದ್ರೆ ರಕ್ತ ಬರುದಿಲ್ಲ. ಯಾಕೆ ಅಂತ ಗೊತ್ತಿಲ್ಲ.

ಪ್ರಾಣಿಗಳ ಡಾಕ್ಟ್ರು ಆಗ್ಲಿಕ್ಕೆ ವೆಟ್ ಸ್ಕೂಲಿನ ಅಪ್ಲಿಕೇಶನ್ ಎಲ್ಲಾ ತುಂಬಿಸಿ ಆಯ್ತು, ಒಂದು ಬಾಕ್ಸ್ ಬಿಟ್ಟು. ರೆಫರಿ ಅಂದ್ರೆ ನನ್ನ ಬಗ್ಗೆ ಶಿಫಾರಸು ಪತ್ರ ಬರೆಯುವವರು, ಇಬ್ಬರು ಬೇಕು. ರೆಫರಿ ಒಂದು — ಕಾಲೇಜಿನ ಬಯಾಲಜಿ ತೃಪ್ತಿ ಮ್ಯಾಮ್. ಬರೆದು ಕಳಿಸಿಯೂ ಆಯ್ತು. ರೆಫರಿ ಎರಡು — ಪ್ರಾಣಿಗಳ ಕೆಲಸದಲ್ಲಿ ನನ್ನನ್ನು ಕಣ್ಣಾರೆ ನೋಡಿದವರು. ಜನವರಿ 15 ಲಾಸ್ಟ್ ಡೇಟ್. ಈ ಸಲ ವೆಟ್ ಸ್ಕೂಲ್ ಸಿಗದಿದ್ರೆ ಈ ಒಮಾನ್‌ನಲ್ಲೇ, ಕಾಲೇಜಿಗೆ ಇದೇ ಅಲ್ ಖೌದ್ ಬಸ್ಸು, ಇದೇ ಬಿ.ಎಸ್ಸಿ.

ಊಟಕ್ಕೆ ಕೂತಾಗ ಪಪ್ಪ — "ನಮ್ಮ ಸಂಘದ ಪ್ರೆಸಿಡೆಂಟ್ ಹತ್ತಿರ ಕೇಳುವ. ದೊಡ್ಡ ಜನ. ಒಳ್ಳೆ ಲೆಟರ್‌ಹೆಡ್ ಉಂಟು."

"ಅವರು ನನ್ನನ್ನು ನೋಡಿದ್ದು ಅಷ್ಟಮಿ ಫಂಕ್ಷನ್‌ನಲ್ಲಿ ಪಪ್ಪ. ಲೆಮನ್ ಆಂಡ್ ಸ್ಪೂನ್."

"ಸೆಕೆಂಡ್ ಬಂದಿದ್ದಿಯಲ್ಲ?"

ಅಮ್ಮ ಪಲ್ಯ ಬಡಿಸ್ತಾ — "ಅವರ ಮನೆಯಲ್ಲಿ ಅಕ್ವೇರಿಯಂ ಉಂಟು ಮಾರಾಯ್ತಿ. ಮೀನು ಸಹ ಪ್ರಾಣಿಯೇ."

ನನಗೆ ನಗು ಬರಲಿಲ್ಲ. ಆಮೇಲೆ ರೂಮಿಗೆ ಬಂದು ಬಂತು.

ನವೆಂಬರ್ 15, ಶನಿವಾರ

ಎರಡೇ ಜನ. ದೊರೆಸ್ವಾಮಿ ಸರ್ ಅಥವಾ ಡಾ. ಜಸೀಲಾ.

ಕ್ಲಿನಿಕ್ ನಡೆಸುವವರೇ ಡಾ. ಜಸೀಲಾ. ಉಳ್ಳಾಲದವರು, ನಮ್ಮ ಊರಿನ ಮಾತೇ. ಆದ್ರೆ ಮೊದಲ ದಿನ ನಾಯಿಯ ಕೀವು ಗಾಯ ನೋಡಿ ನಾನು ವಾಂತಿ ಮಾಡಿದ್ದನ್ನು ಅವರು ನೋಡಿದ್ದಾರೆ. "ಹೊರಗೆ ಹೋಗಿ ಕೂತ್ಕೊ" ಅಂದಿದ್ರು, ಅಷ್ಟೇ. ಹಿಂದಿನಿಂದ ಬಂದು ನೀರು ಕೊಟ್ಟದ್ದು ಸರ್. ಡಾ. ಜಸೀಲಾ ಬರೆದರೆ ನಿಜ ಬರೀತಾರೆ. ಅದೇ ಪ್ರಾಬ್ಲೆಮ್.

ಲಂಚ್ ಟೈಮ್‌ನಲ್ಲಿ ಸರ್ ಹತ್ತಿರ ಕೇಳಿದೆ. ಉಪ್ಪಿಟ್ಟಿನ ಡಬ್ಬಿ ಮುಂದೆ ಕೂತಿದ್ರು.

"ಅಯ್ಯೋ, ಅದನ್ನೂ ಕೇಳ್ಬೇಕಾ ತಾಯಿ? ನೀನೇ ಬರ್ಕೊಂಡ್ ಬಾ, ಸೈನ್ ಹಾಕ್ಕೊಡ್ತೀನಿ."

"ಅದು ಆನ್‌ಲೈನ್ ಸರ್, ನೀವೇ..."

"ಬರ್ಕೊಂಡ್ ಬಾ. ಚೆನ್ನಾಗಿ ಹೊಗಳ್ಕೊ. ನಾಚ್ಕೋಬೇಡ."

ಮನೆಯಲ್ಲಿ ಹೇಳಿದ್ರೆ ಪಪ್ಪನಿಗೆ ಆಶ್ಚರ್ಯವೇ ಇಲ್ಲ. "ಎಲ್ಲ ಕಡೆ ಹಾಗೇ. ನನ್ನ ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್ ಎಲ್ಲಾ ನಾನೇ ಟೈಪ್ ಮಾಡಿದ್ದು. ಹಾರ್ಡ್‌ವರ್ಕಿಂಗ್ ಆಂಡ್ ಸಿನ್ಸಿಯರ್ ಅಂತ ನನಗೆ ನಾನೇ ಕೊಟ್ಟದ್ದು. ಮ್ಯಾನೇಜರ್ ಓದಲೂ ಇಲ್ಲ, ಸೀಲ್ ಒತ್ತಿದ."

ನವೆಂಬರ್ 22, ಶನಿವಾರ. ಸಂಜೆ

ಬರೀಲಿಕ್ಕೆ ಕೂತೆ. ಸರ್ ಆಗಿ, ನನ್ನ ಬಗ್ಗೆ. "ನಿಶ್ಮಿತಾಳನ್ನು ನಾನು ಈ ವರ್ಷದ ಆರಂಭದಿಂದ ಬಲ್ಲೆ..." ಅಲ್ಲೇ ನಿಂತೆ. ಊರಿನಲ್ಲಿ ಸ್ಕೂಲ್ ಹಾಸ್ಟೆಲ್‌ನಲ್ಲಿದ್ದಷ್ಟು ವರ್ಷವೂ ಪ್ರೋಗ್ರೆಸ್ ಕಾರ್ಡ್‌ನಲ್ಲಿ ಒಂದೇ ರಿಮಾರ್ಕ್ — ಕ್ವಯಟ್ ಚೈಲ್ಡ್. ವೆಟ್ ಸ್ಕೂಲಿಗೆ ಕ್ವಯಟ್ ಚೈಲ್ಡ್ ಬೇಕಾ?

"ಒಳ್ಳೆಯವಳು" ಅಂತ ಬರೆದೆ. ಅಳಿಸಿದೆ. "ಹೆದರ್ತಾಳೆ, ಆದ್ರೆ ಓಡಿ ಹೋಗುದಿಲ್ಲ" ಅಂತ ಬರೆದೆ. ಅದು ಹೊಗಳಿಕೆಯಾ, ಬೈಗುಳವಾ? ಅದನ್ನೂ ಅಳಿಸಿದೆ.

ಆಮೇಲೆ ರೂಲ್ಸ್ ಓದಿದೆ. ರೆಫರಿಯೇ ಬರೀಬೇಕು, ಅವರಿಗೆ ಹೋದ ಲಿಂಕ್‌ನಿಂದಲೇ ಕಳಿಸ್ಬೇಕು. ಅಪ್ಲಿಕೆಂಟ್ ಬರೆದದ್ದು ಗೊತ್ತಾದ್ರೆ ಕ್ಯಾನ್ಸಲ್. ಉಸಿರು ಬಂತು. ಸರ್‌ನ ಇಮೇಲ್ ಹಾಕಿದೆ. ಲಿಂಕ್ ಹೋಯ್ತು.

ನವೆಂಬರ್ 29, ಶನಿವಾರ

"ಸರ್, ಲಿಂಕ್ ಬಂತಾ?"

"ಬಂತಲ್ಲ. ಕಳ್ಸಿದ್ದೀನಲ್ಲ ತಾಯಿ."

ಪೋರ್ಟಲ್‌ನಲ್ಲಿ ಈಗಲೂ ಪೆಂಡಿಂಗ್.

ಡಿಸೆಂಬರ್ 6, ಶನಿವಾರ

ನಾನೇ ಲ್ಯಾಪ್‌ಟಾಪ್ ತೆಗೆದುಕೊಂಡು ಹೋದೆ. ಸರ್ ಕೂತರು, ಲಿಂಕ್ ತೆರೆದು ಕೊಟ್ಟೆ. ಬರೆದದ್ದು ನೋಡ್ಬಾರ್ದಲ್ಲ, ಗೋಡೆ ಕಡೆ ತಿರುಗಿ ನಿಂತೆ. ಹುಳದ ಔಷಧಿಯ ಪೋಸ್ಟರ್ ಪೂರ್ತಿ ಓದಿ ಮುಗೀತು. ಕೀಬೋರ್ಡ್ ಸದ್ದೇ ಇಲ್ಲ. ತಿರುಗಿದ್ರೆ ಸರ್ ಇನ್ನೂ ಮೊದಲನೇ ಬಾಕ್ಸ್‌ನಲ್ಲೇ. ಅಪ್ಲಿಕೆಂಟ್ ನೇಮ್.

"ಪಾಸ್‌ಪೋರ್ಟ್‌ನಲ್ಲಿ ಹೆಂಗಿದ್ಯೋ ಹಂಗೇ ಹಾಕ್ಬೇಕಲ್ವಾ. ನೀನೇ ಹೇಳ್ಬಿಡು."

ನಿಶ್ಮಿತಾ ಅಂದೆ. ಎರಡು ಅಕ್ಷರ ಒತ್ತಿದ್ರು, ನಿಲ್ಲಿಸಿದ್ರು.

"ಹೆಸ್ರು ಏನಂದೆ?"

ಪುನಃ ಹೇಳಿದೆ. ಆಗ ಹೊರಗೆ ಒಂದು ನಾಯಿ ಬಂತು, ಸರ್ ಎದ್ದು ಹೋದ್ರು. ಹೋಗುವಾಗ ಪುಟ್ಟ ಹುಡುಗರು ಬೆಲ್ ಆದಾಗ ಏಳ್ತಾರಲ್ಲ — ಹಾಗೆ ಎದ್ದರು.

ತಾಯಿ, ಮಗು, ಪುಟ್ಟಿ. ನನ್ನ ಹೆಸರು ಕರೆದದ್ದು ಯಾವಾಗ ಅಂತ ಯೋಚನೆ ಮಾಡ್ತಾ ಇದ್ದೇನೆ.

ರಿಸೆಪ್ಷನ್‌ನಲ್ಲಿ ಜೋಸ್ಟನ್ ಹತ್ತಿರ ಹೇಳಿದೆ, ಸರ್ ಬರೀತಾ ಇಲ್ಲ ಅಂತ. ಅವನು ಎಲ್ಲದಕ್ಕೂ ಜೋಕು. "ಸರ್ ಯಾವಾಗ ಬರೆದದ್ದು ಮಾರಾಯ್ತಿ? ಕೇಸ್‌ಶೀಟ್ ಎಲ್ಲಾ ಅವರು ಬಾಯಲ್ಲಿ ಹೇಳುದು, ನಾನು ಟೈಪ್ ಮಾಡುದು. ನನ್ನ ಲೀವ್ ಲೆಟರ್ ಸಹ ನಾನೇ ಬರೆದು ನಾನೇ ಅಪ್ರೂವ್ ಮಾಡುದು. ಅವರದ್ದು ಸೈನ್ ಮಾತ್ರ. ದೊಡ್ಡ ಡಾಕ್ಟ್ರು ಅಂದ್ರೆ ಹಾಗೇ."

ನಾನೂ ನಕ್ಕೆ.

ಡಿಸೆಂಬರ್ 13, ಶನಿವಾರ. ಸಂಜೆ

ಗ್ರೇ ಹೆಣ್ಣು ಬೆಕ್ಕು, ಸಂತಾನಹರಣದ ಆಪರೇಶನ್. ಮಲಗಿಸುವ ಇಂಜೆಕ್ಷನ್ ಸರ್ ಕೊಟ್ಟರು, ಹಿಡಿದದ್ದು ನಾನು. ಜೋಸ್ಟನ್ ಹೊರಗಿಂದ ಕರೆದ, ಯಾರೋ ಫೋನ್‌ನಲ್ಲಿ. ಸರ್ ಹೋಗಿ ಬಂದ್ರು. ಬಂದವರೇ ಇನ್ನೊಂದು ಸಿರಿಂಜ್ ತೆಗೆದ್ರು. ಅದೇ ಬಾಟ್ಲಿಯಿಂದ ಎಳೆದ್ರು. ಬೆಕ್ಕಿನ ತೊಡೆ ಹಿಡಿದ್ರು.

"ಸರ್. ಕೊಟ್ಟಾಯ್ತು."

ನಿಂತ್ರು.

"ಕೊಟ್ಟೆನಾ?"

"ಈಗಷ್ಟೇ ಸರ್. ಬೆಕ್ಕು ಮಲಗಿದೆ ನೋಡಿ."

ಬೆಕ್ಕನ್ನು ನೋಡಿದ್ರು. ನನ್ನನ್ನು ನೋಡಿದ್ರು. "ಟೆಸ್ಟ್ ಮಾಡ್ದೆ ಕಣೆ. ಪಾಸು." ನಕ್ಕರು. ಮತ್ತೆ ಸಿರಿಂಜಿಗೆ ಕ್ಯಾಪ್ ಹಾಕದೆ ಕೋಟಿನ ಜೇಬಿಗೆ ಇಟ್ಟುಕೊಂಡರು. ಕೊಡಿ ಸರ್ ಅಂತ ಕೇಳಿ ತೆಗೆದುಕೊಂಡೆ. ಕೊಟ್ಟರು.

ಆಪರೇಶನ್ ಮಾತ್ರ ಹೂ ಕಟ್ಟಿದ ಹಾಗೆ ಮಾಡಿದ್ರು. ಕೈಗೆ ಎಲ್ಲಾ ನೆನಪುಂಟು.

ಈಗ ಗೊತ್ತಾಗ್ತಾ ಉಂಟು. ನೀನೇ ಬರ್ಕೊಂಡ್ ಬಾ — ಇಲ್ಲಿ ಎಲ್ಲರೂ ಹೇಳುವ ಮಾತು. ಪಪ್ಪನ ಮ್ಯಾನೇಜರ್ ಹೇಳ್ತಾನೆ, ಸಂಘದವರು ಹೇಳ್ತಾರೆ. ಅದಕ್ಕೇ ಯಾರಿಗೂ ಸಂಶಯ ಬರಲಿಲ್ಲ. ಸರ್‌ಗೆ ಬರೀಲಿಕ್ಕೆ ಆಗುದಿಲ್ಲ. ಆಗುದಿಲ್ಲ ಅಂತ ಅವರಿಗೆ ಗೊತ್ತುಂಟು.

ಡಾ. ಜಸೀಲಾಗೆ ಹೇಳ್ಬೇಕು. ಹೇಳಿದ್ರೆ ಸರ್‌ನ ಕೆಲಸ ಖಲಾಸ್. ವೀಸಾ ಕ್ಲಿನಿಕ್‌ನ ಕಫೀಲ್, ಅಂದ್ರೆ ಸ್ಪಾನ್ಸರ್‌ನದ್ದು, ಅದೂ ಹೋಗ್ತದೆ. ಮತ್ತೆ ನನ್ನ ರೆಫರೆನ್ಸ್ — ಮರೆವಿನವರು ಅಂತ ತೆಗೆದುಹಾಕಿದ ಡಾಕ್ಟರ್ ಬರೆದದ್ದು ಯಾರಿಗೆ ಬೇಕು.

ಹಾಸ್ಟೆಲ್‌ನಲ್ಲಿ ನನ್ನ ರೂಮ್‌ಮೇಟ್ ಫಿದಾ ಒಮ್ಮೆ ವಾರ್ಡನ್‌ಗೆ ಒಂದು ವಿಷಯ ಹೇಳಿದ್ದಳು. ನಿಜವೇ ಹೇಳಿದ್ದು. ಆ ಟರ್ಮ್ ಪೂರ್ತಿ ಒಬ್ಬಳೇ ಕೂತು ಊಟ ಮಾಡಿದಳು. ನಾನು ಸಹ ಆಚೆ ಬೆಂಚಿಗೆ ಹೋದವಳೇ.

ಫಾರ್ಮ್ ಆಗ್ಲಿ. ಆಮೇಲೆ ಹೇಳ್ತೇನೆ.

ಬರೆದು ಓದಿದೆ. ಎಷ್ಟು ಕೆಟ್ಟದಾಗಿ ಕಾಣ್ತದೆ ಪೇಪರ್ ಮೇಲೆ.

ಡಿಸೆಂಬರ್ 20, ಶನಿವಾರ

ಇವತ್ತು ಸರ್ ಪಕ್ಕ ಬಿಡಲಿಲ್ಲ. ಪ್ರತಿ ಬಾಟ್ಲಿ ನಾನೇ ತೆಗೆದುಕೊಟ್ಟೆ, ನಾನೇ ವಾಪಸ್ ಇಟ್ಟೆ. ಸರ್ ಚೆನ್ನಾಗಿದ್ರು. ತುಂಬಾ ಚೆನ್ನಾಗಿದ್ರು. ಯಾರೂ ಕಂಡುಹಿಡಿಯದ ಮುರಿದ ಹಲ್ಲು ಒಂದು ನಾಯಿಯ ಬಾಯಲ್ಲಿ ಬೆರಳಿಟ್ಟೇ ಕಂಡುಹಿಡಿದ್ರು. ನಾನೇ ಏನೋ ಕಲ್ಪನೆ ಮಾಡಿಕೊಂಡೆನಾ?

ಫಾರ್ಮ್‌ನಲ್ಲಿ ಸರ್ ಬರೆದದ್ದು ಎರಡು ಲೈನ್ ಆಗಿದೆ, ನಾನು ಓದಲಿಲ್ಲ. ಸೇವ್ ಮಾಡಿದೆ. ಸಬ್ಮಿಟ್ ಅಲ್ಲ. ಮುಂದಿನ ಶನಿವಾರ ಮುಗಿಸ್ಬಹುದು.

ನಾನು ಶನಿವಾರ ಮಾತ್ರ ಹೋಗುದು. ಉಳಿದ ದಿನ ಬಾಟ್ಲಿ ಯಾರು ತೆಗೆದುಕೊಡ್ತಾರೆ — ಈ ಪ್ರಶ್ನೆ ಬಸ್ಸಿನಲ್ಲಿ ಬಂತು. ಕಿಟಕಿ ಹೊರಗೆ ನೋಡಿದೆ.

ಡಿಸೆಂಬರ್ 24, ಬುಧವಾರ

ಜೋಸ್ಟನ್ ಫೋನ್. ಮನೆಯಲ್ಲಿ ಕ್ರಿಸ್ಮಸ್‌ಗೆ ಕುಸ್ವಾರ್ ತಿಂಡಿ ಮಾಡ್ತಾ ಇದ್ದಾರೆ, ಶನಿವಾರ ತರ್ತೇನೆ ಅಂದ. ಮತ್ತೆ ಸ್ವರ ಸಣ್ಣ ಮಾಡಿ — "ಮಿಶ್‌ಮಿಶ್ ಹೋಯ್ತು ಮಾರಾಯ್ತಿ."

ಮಿಶ್‌ಮಿಶ್ ಅಂದ್ರೆ ಕ್ಲಿನಿಕ್‌ಗೆ ಬರ್ತಿದ್ದ ಕಿತ್ತಳೆ ಬಣ್ಣದ ಗಂಡು ಬೆಕ್ಕು. ಮದೀನತ್ ಸುಲ್ತಾನ್ ಖಾಬೂಸ್ ಏರಿಯಾದ ಒಮಾನಿ ಟೀಚರ್‌ದ್ದು. ಹಲ್ಲು ಕ್ಲೀನ್ ಮಾಡ್ಲಿಕ್ಕೆ ಬಂದದ್ದು, ಮಲಗಿದ್ದು ಏಳಲಿಲ್ಲ. ಮಲಗಿಸಿದ್ದು ದೊರೆಸ್ವಾಮಿ ಸರ್. ಹಾರ್ಟ್ ಇರಬಹುದು, ಅನಸ್ತೇಶಿಯಾದಲ್ಲಿ ರಿಸ್ಕ್ ಇದ್ದದ್ದೇ ಅಂದ್ರಂತೆ. ಇರಬಹುದು. ನಿಜಕ್ಕೂ ಇರಬಹುದು.

"ಟೀಚರ್ ಏನು ಹೇಳಿದ್ರು?"

"ಖಲಾಸ್? ಅಂತ ಕೇಳಿದ್ರು. ನಾನು ಹೌದು ಅಂದೆ. ಬಾಸ್ಕೆಟ್ ತೆಗೊಂಡು ಹೋದ್ರು. ಬೈದಿದ್ರೆ ಒಳ್ಳೇದಿತ್ತು."

ಜೋಸ್ಟನ್ ಹತ್ತಿರ ಜೋಕ್ ಇರಲಿಲ್ಲ.

ಒಂದೇ ಸಲ ಕೊಟ್ಟರಾ, ಎರಡು ಸಲವಾ... ಯಾರೂ ನೋಡಿಲ್ಲ. ಇನ್ನು ಗೊತ್ತಾಗುದೂ ಇಲ್ಲ.

ಡಿಸೆಂಬರ್ 25, ಗುರುವಾರ

ಕಾಲೇಜಿಗೆ ಹೋಗಲಿಲ್ಲ. ಕ್ಲಿನಿಕ್‌ಗೆ ಹೋದೆ. ಜೋಸ್ಟನ್ ರಜೆ, ಸರ್ ಮಧ್ಯಾಹ್ನದ ಮೇಲೆ ಬರುದು. ಡಾ. ಜಸೀಲಾ ಒಬ್ಬರೇ, ಚಾ ಕುಡೀತಾ ಇದ್ರು.

ಹೇಳಿದೆ. ಹೆಸರು ಮರೆತದ್ದು, ಸಿರಿಂಜ್, ಜೇಬು. ನಡುವೆ ಅತ್ತೆ. ಅವರು ಟಿಶ್ಯೂ ಕೊಡಲಿಲ್ಲ, ಕಾದ್ರು.

"ಸಿರಿಂಜ್ ಯಾವಾಗ?"

"ಹದಿಮೂರಕ್ಕೆ."

ಕ್ಯಾಲೆಂಡರ್ ನೋಡಿದ್ರು. ಗೋಡೆಯಲ್ಲೇ ಇತ್ತು, ನಾನೂ ನೋಡಿದೆ.

"ಯಾಕೆ ಹೇಳಲಿಲ್ಲ?"

"ರೆಫರೆನ್ಸ್... ಸರ್ ಬರೆದು ಆಗ್ಲಿ ಅಂತ."

ಚಾದ ಕಪ್ ಕೆಳಗಿಟ್ಟರು. ಮತ್ತೆ ಹೇಳಿದ್ರು — "ನಿನಗೆ ಪಕ್ಕದಲ್ಲಿ ನಿಂತ ಒಂದು ವರ್ಷ. ನನಗೆ ಅವರ ಜೊತೆ ಆರು ವರ್ಷ. ನನಗೇ ಕಾಣಲಿಲ್ಲ. ಕೇಸ್‌ಶೀಟ್ ಜೋಸ್ಟನ್ ಟೈಪ್ ಮಾಡ್ತಾನೆ ಅಂತ ಗೊತ್ತಿತ್ತು. ಸೀನಿಯರ್ ಅಲ್ವಾ, ಮಾಡಿಸ್ಲಿ ಅಂತ ಬಿಟ್ಟೆ."

ಚಾ ಸಿಂಕಿಗೆ ಚೆಲ್ಲಿದ್ರು. "ಮನೆಗೆ ಹೋಗು. ಇನ್ನು ನಾನು ನೋಡ್ಕೊಳ್ತೇನೆ."

ಜನವರಿ 9, ಶುಕ್ರವಾರ

ಇಷ್ಟು ದಿನ ಬರೀಲಿಕ್ಕೆ ಆಗಲಿಲ್ಲ.

ಸರ್ ಅದೇ ವಾರದಿಂದ ಕ್ಲಿನಿಕ್‌ಗೆ ಬರ್ತಾ ಇಲ್ಲ. ಹಾಸ್ಪಿಟಲ್, ಸ್ಕ್ಯಾನ್, ಪರೀಕ್ಷೆ. ಮರೆವಿನ ಕಾಯಿಲೆಯೇ. ಸೋಮವಾರ ಮೈಸೂರಿಗೆ ಹೋಗ್ತಾರೆ, ಗಂಡ ಹೆಂಡತಿ ಇಬ್ಬರೂ. ಪುನಃ ಬರುದಿಲ್ಲ.

ಇವತ್ತು ಅವರ ಫ್ಲ್ಯಾಟ್‌ಗೆ ಹೋದೆ. ಅಮ್ಮ ಕೋರಿರೊಟ್ಟಿಯ ರೊಟ್ಟಿ, ಕೋಳಿ ಸಾರಿಗೆ ಅದ್ದುವಂಥದ್ದು, ಕಟ್ಟಿಕೊಟ್ಟಿದ್ದಳು, ಅವರು ಕೋಳಿ ತಿನ್ನುದಿಲ್ಲ ಅಂತ ದಾರಿಯಲ್ಲಿ ನೆನಪಾಯ್ತು. ಪರ್ವಾಗಿಲ್ಲ ಸಾಂಬಾರಿಗೆ ಅದ್ದಿ ತಿಂತೀವಿ ಅಂದ್ರು ಸರ್‌ನ ಹೆಂಡತಿ ಸರಸ್ವತಮ್ಮ ಆಂಟಿ. ಹಾಲ್ ತುಂಬಾ ಸೂಟ್‌ಕೇಸ್. ಅಡಿಗೆಮನೆಯಲ್ಲಿ ನನ್ನ ಹತ್ತಿರ ಮೆಲ್ಲ —

"ಮನೇಲಿ ನಾನೇ ತೂಗಿಸ್ಕೊಂಡ್ ಹೋಗ್ತಿದ್ದೆ ಕಣಮ್ಮ. ಶರ್ಟು, ಬೀಗ, ಫೋನು. ಮಾರ್ಚ್‌ಗೆ ಹೆಂಗೂ ಕಾಂಟ್ರಾಕ್ಟ್ ಮುಗೀತಿತ್ತು. ಅಲ್ಲೀವರ್ಗೂ ತಳ್ಳಿಬಿಟ್ರೆ ಮರ್ಯಾದೆಯಾಗಿ, ಹಾರ ಹಾಕಿಸ್ಕೊಂಡು ಹೋಗ್ತಿದ್ರು. ಯಾರೋ ಹೇಳ್ಬಿಟ್ರು."

ನಾನು ಲೋಟ ಹಿಡಿದುಕೊಂಡು ನಿಂತಿದ್ದೆ.

"ಹೇಳ್ದೋರಿಗೆ ಒಳ್ಳೇದಾಗ್ಲಿ ಅಂತ ಬಾಯಿಗೆ ಬರಲ್ಲ. ಕೆಟ್ಟದಾಗ್ಲಿ ಅಂತಾನೂ ಬರಲ್ಲ. ಆ ಬೆಕ್ಕಿನ ವಿಷ್ಯ ಕೇಳಿದ್ಮೇಲೆ."

ನಾನು ಆಂಟಿ ಅಂತ ಶುರು ಮಾಡಿದೆ. ಅವರು ನನ್ನ ಮುಖ ನೋಡಿದ್ರು, ತಕ್ಷಣ ಗ್ಯಾಸ್ ಕಡೆ ತಿರುಗಿದ್ರು. "ಕಾಫಿ ಆರೋಗತ್ತೆ, ಅವರಿಗೆ ಕೊಡ್ಹೋಗು."

ಕೊಟ್ಟೆ. ಸರ್ ಬಾಲ್ಕನಿಯಲ್ಲಿ ಕೂತು ಕೆಳಗೆ ಪಾರ್ಕಿಂಗ್‌ನ ಬೆಕ್ಕುಗಳನ್ನು ನೋಡ್ತಾ ಇದ್ರು. ಯಾವುದಕ್ಕೆ ಕಾಲು ನೋವು, ಯಾವುದು ಬಸುರಿ ಅಂತ ಒಂದೊಂದೇ ತೋರಿಸಿದ್ರು. ಎಲ್ಲಾ ಸರಿ. ಮತ್ತೆ ಕೇಳಿದ್ರು —

"ನಿನ್ನ ಲೆಟರ್ ಕೊಟ್ಟೆ ತಾನೆ?"

"ಕೊಟ್ಟಿರಿ ಸರ್."

"ಏನ್ ಬರ್ದಿದ್ದೆ?"

ನಾನು ಅಳಿಸಿದ ಲೈನೇ ಬಾಯಿಗೆ ಬಂತು. "ಹೆದರ್ತಾಳೆ, ಆದ್ರೆ ಓಡಿ ಹೋಗಲ್ಲ ಅಂತ ಬರ್ದಿದ್ರಿ ಸರ್."

ಕಾಫಿ ಒಂದು ಗುಟುಕು ಕುಡಿದ್ರು. "ಸರಿಯಾಗೇ ಬರ್ದಿದ್ದೀನಿ."

ಇಳಿಯುವಾಗ ಲಿಫ್ಟ್ ಬಟನ್ ಒತ್ತಲಿಕ್ಕೆ ಮರೆತು ಲಿಫ್ಟ್ ಒಳಗೇ ನಿಂತಿದ್ದೆ. ಯಾರೋ ಹತ್ತಿದ ಮೇಲೆ ಗೊತ್ತಾಯ್ತು.

ಜನವರಿ 10, ಶನಿವಾರ

ಕ್ಲಿನಿಕ್. ಸರ್‌ನ ರೂಮಿನಲ್ಲಿ ಫ್ರಿಜ್ ಇಟ್ಟಿದ್ದಾರೆ.

ಕೆಲಸ ಮುಗಿಸಿ ಹೊರಡುವಾಗ ಡಾ. ಜಸೀಲಾ ಕರೆದ್ರು. "ನಿನ್ನ ಫಾರ್ಮ್ ಏನಾಯ್ತು?"

"ಬೇರೆಯವರನ್ನು ಹಾಕ್ಬೇಕು ಮೇಡಂ."

"ನನ್ನ ಹೆಸರು ಹಾಕು. ಬರೀತೇನೆ. ಆದ್ರೆ ಮೊದಲೇ ಹೇಳ್ತೇನೆ. ನೀನು ಬಂದು ಹೇಳಿದ್ದನ್ನು ಬರೀತೇನೆ, ಅದು ಸಣ್ಣ ವಿಷಯ ಅಲ್ಲ. ತಡ ಮಾಡಿದ್ದನ್ನೂ ಬರೀತೇನೆ. ಯಾಕೆ ತಡ ಅಂತಲೂ. ಒಂದು ಬರೆದು ಇನ್ನೊಂದು ಬಿಡ್ಲಿಕ್ಕೆ ನನ್ನಿಂದ ಆಗುದಿಲ್ಲ."

"ಸೀಟು ಸಿಗುದಿಲ್ಲ ಅಲ್ವಾ ಹಾಗೆ ಬರೆದ್ರೆ?"

"ಸಿಗಬಹುದು. ಸಿಗದೇ ಇರಬಹುದು. ಡ್ರಾಫ್ಟ್ ಏನೂ ತರ್ಬೇಡ, ನನಗೆ ಬರೀಲಿಕ್ಕೆ ಬರ್ತದೆ."

ಕೊನೆಯ ಮಾತು ಬಾಯಿಂದ ಬಿದ್ದ ಮೇಲೆ ಅವರ ಮುಖ ಒಂಥರಾ ಆಯ್ತು. ಕೀ ಹುಡುಕ್ತಾ ಬ್ಯಾಗಿನ ಒಳಗೇ ನೋಡ್ತಾ ಇದ್ರು.

ಜನವರಿ 13, ಮಂಗಳವಾರ

ಪಪ್ಪ ಆಫೀಸಿಂದ ಖುಷಿಯಲ್ಲಿ ಬಂದ. ಪ್ರೆಸಿಡೆಂಟ್ ಒಪ್ಪಿದ್ದಾರೆ. ಅವರ ದೋಸ್ತಿಯ ಆಡು ಸಾಕುವ ತೋಟ ಬರ್ಕಾ ಅಂತ ಊರಲ್ಲಿ ಉಂಟು. ನಾನು ಅಲ್ಲಿ ರಜೆಯಲ್ಲಿ ಕೆಲಸ ಮಾಡಿದ್ದೇನೆ ಅಂತ ಬರೀಬಹುದು. ಡ್ರಾಫ್ಟ್ ಕಳಿಸ್ಲಿಕ್ಕೆ ಹೇಳಿದ್ದಾರೆ, ಅವರು ಹಾಗೇ ಅಂಟಿಸಿ ಕಳಿಸ್ತಾರೆ.

"ನಾನು ಬರ್ಕಾಕ್ಕೆ ಹೋದದ್ದೇ ಇಲ್ಲ ಪಪ್ಪ."

"ನಾಳೆ ಸಂಜೆ ಹೋಗುವ. ಆಡು ನೋಡಿಕೊಂಡು ಬರುವ. ಹೋದ ಹಾಗೆ ಆಯ್ತಲ್ಲ."

ತಮಾಷೆ ಅಲ್ಲ. ಪಪ್ಪನ ಕಣ್ಣಲ್ಲಿ ನಿದ್ದೆ ಇಲ್ಲ. ನನಗೋಸ್ಕರ ಯಾರ್ಯಾರ ಎದುರು ಕೈ ಕಟ್ಟಿ ನಿಂತನೋ.

ಎಲ್ಲಾ ಹೇಳಿದೆ. ಸರ್, ಬೆಕ್ಕು, ನಾನು ಕಾದದ್ದು. ಅಮ್ಮ ಟಿವಿ ಆಫ್ ಮಾಡಿದಳು.

ಪಪ್ಪ ಕುರ್ಚಿ ಎಳೆದು ಕೂತ. ಮತ್ತೆ — "ಆ ಡಾಕ್ಟ್ರಮ್ಮ ತಡ ಮಾಡಿದ್ದು ಬರೆದರೆ ನಿನ್ನ ಒಂದು ವರ್ಷ ಹೋಯ್ತು ಮಗಾ."

"ಹೌದು."

"ಪ್ರೆಸಿಡೆಂಟ್ ಹತ್ತಿರ ಏನು ಹೇಳ್ಲಿ ನಾನು?"

ಅಮ್ಮ ಹೇಳಿದಳು — "ಆಡಿಗೆ ಹುಷಾರಿಲ್ಲ ಅಂತ ಹೇಳಿ."

ಪಪ್ಪ ನಗಲಿಲ್ಲ. ಎದ್ದು ಹೋಗಿ ಬಾಲ್ಕನಿಯ ಬಟ್ಟೆ ತೆಗೆದ. ಆ ಕೆಲಸ ಅವನು ಯಾವತ್ತೂ ಮಾಡಿದವನಲ್ಲ.

ಜನವರಿ 15, ಗುರುವಾರ. ಮಧ್ಯಾಹ್ನ

ಕಾಲೇಜ್ ಲೈಬ್ರರಿ. ಸರ್‌ನ ಹೆಸರು ಅಳಿಸಿದೆ. ಎರಡು ಲೈನ್ ಸೇವ್ ಆಗಿತ್ತಲ್ಲ, ಅದೂ ಅದರ ಜೊತೆ ಹೋಯ್ತು. ಏನು ಬರೆದಿದ್ರೋ ನನಗೆ ಗೊತ್ತಿಲ್ಲ.

ಡಾ. ಜಸೀಲಾ ಅಂತ ಹಾಕಿದೆ. ಲಿಂಕ್ ಹೋಯ್ತು. ಸ್ವಲ್ಪದರಲ್ಲೇ ಅವರ ಮೆಸೇಜ್ — ಬಂತು, ಬರೀತಾ ಇದ್ದೇನೆ. ಅಷ್ಟೇ. ಅವರು ಬರೆದದ್ದು ನಾನು ಓದುವ ಹಾಗಿಲ್ಲ. ಈಗ ಈ ಹೊತ್ತಿನಲ್ಲೇ ಬರೀತಾ ಇದ್ದಾರೆ, ಅಜೈಬಾದ ಕ್ಲಿನಿಕ್‌ನಲ್ಲಿ ಕೂತು, ನಾನು ಇಲ್ಲಿ.

ರೆಫರಿ ಬದಲಾಯಿಸಿದವರಿಗೆ ಒಂದು ಹೊಸ ಬಾಕ್ಸ್ ಬರ್ತದೆ. ಮೊದಲಿನ ರೆಫರಿಯನ್ನು ಯಾಕೆ ಬಿಟ್ಟಿರಿ, ಚಿಕ್ಕದಾಗಿ ತಿಳಿಸಿ. ಅದು ತುಂಬದೆ ಸಬ್ಮಿಟ್ ಆಗುದಿಲ್ಲ.

ಆರೋಗ್ಯದ ಕಾರಣ ಅಂತ ಬರೆದೆ. ಅಳಿಸಿದೆ. ಊರಿಗೆ ಹೋದ್ರು ಅಂತ ಬರೆದೆ. ಸುಳ್ಳಲ್ಲ. ಆದ್ರೂ ಅಳಿಸಿದೆ.

ಪುನಃ ಶುರು ಮಾಡಿದೆ. ಈ ಕೆಲಸ ನನಗೆ ಕಲಿಸಿದ್ದು ಡಾ. ದೊರೆಸ್ವಾಮಿ. ಅವರನ್ನು ಬಿಟ್ಟದ್ದು ನಾನು, ಯಾಕಂದ್ರೆ ಅವರಿಗೆ ಮರೆವು ಅಂತ ಹೇಳಿದ್ದು ನಾನೇ, ಅದೂ ಈ ಫಾರ್ಮ್‌ಗೋಸ್ಕರ ಹನ್ನೆರಡು ದಿನ ತಡ ಮಾಡಿ. ಇದನ್ನು ಅಳಿಸಲಿಲ್ಲ.